ದೊಡ್ಡ ಪೇಟಿಯ ತಪಾಸಣೆ

ಅಕ್ಕಲಕೋಟೆಯಿಂದ ಕುರನೂರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಗ್ರ್ಯಾಂಡ್ ಪಿಯಾನೋ ಇದೆ ಎಂದು ಒಬ್ಬರು ಫೋನಿನಲ್ಲಿ ಹೇಳಿದಾಗ ನಾನು ಎರಡು ಸಲ ಕೇಳಿದೆ. ಆ ಭಾಗದಲ್ಲಿ ನನಗೆ ಗೊತ್ತಿದ್ದ ವಾದ್ಯಗಳೆಂದರೆ ಭಜನೆಯ ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ತಾಳ ಮತ್ತು ಮದುವೆಯ ಬ್ಯಾಂಡು. ಫೋನಿನಲ್ಲಿದ್ದ ಹಿರಿಯರು ಬೇಸರಪಡದೆ, "ಪೇಟಿನ ರಿ, ಆದ್ರ ದೊಡ್ಡದು. ಮೂರು ಕಾಲ ಅದಾವ" ಎಂದರು. ಮೂರು ಕಾಲಿನ ವಿಷಯ ಬಂದ ಮೇಲೆ ನಾನು ವಾದ ಮಾಡಲಿಲ್ಲ.

ನನ್ನ ಅಂಗಡಿ ಸೊಲ್ಲಾಪುರದಲ್ಲಿ, ವಿಜಾಪುರ ರಸ್ತೆಯ ಮೇಲೆ, ಒಂದು ಟಾಯರ್ ಅಂಗಡಿಗೂ ಒಂದು ಕಣ್ಣಿನ ದವಾಖಾನೆಗೂ ನಡುವೆ ಸಿಕ್ಕಿಕೊಂಡಿದೆ. ಹಾರ್ಮೋನಿಯಂ ರಿಪೇರಿ ಮಾಡುತ್ತೇನೆ. ಹರೆಯದಲ್ಲಿ ಮುಂಬಯಿಯ ಒಂದು ವಾದ್ಯದಂಗಡಿಯಲ್ಲಿ ಏಳು ವರ್ಷ ಪಿಯಾನೋಗಳ ಹೊಟ್ಟೆಯೊಳಗೆ ಕೈಯಿಟ್ಟು ಕೆಲಸ ಕಲಿತಿದ್ದೆ. ಊರಿಗೆ ಮರಳಿದ ಮೇಲೆ ಆ ವಿದ್ಯೆಗೆ ಒಬ್ಬ ಗಿರಾಕಿಯೂ ಸಿಗಲಿಲ್ಲ. ಶ್ರುತಿ ಮಾಡುವ ಕೀಲಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದೆ. ನನ್ನ ಹೆಂಡತಿ ಪ್ರತಿ ದೀಪಾವಳಿಗೂ ಅದನ್ನು ರದ್ದಿಗೆ ಹಾಕಲು ನೋಡುತ್ತಿದ್ದಳು, ನಾನು ಪ್ರತಿ ದೀಪಾವಳಿಗೂ ಬಿಡಿಸಿಕೊಳ್ಳುತ್ತಿದ್ದೆ. ಈಗ ಅದನ್ನು ಇಳಿಸಿ, ಧೂಳು ಝಾಡಿಸಿ, ಲೆಟರ್‌ಪ್ಯಾಡು ಮತ್ತು ರಬ್ಬರ್ ಶಿಕ್ಕಾ ಸಮೇತ ಚೀಲಕ್ಕೆ ಹಾಕಿಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿದೆ. ಆಷಾಢದ ದಿನಗಳು. ಮೋಡ ಬಹಳ, ಮಳೆ ಕಡಿಮೆ.

ಅದು ಇಬ್ಬರು ಅಣ್ಣತಮ್ಮಂದಿರ ಕೂಡು ಮನೆ. ಹೊಲ, ಬಾವಿ, ಕಾರಖಾನೆಗೆ ಹೋಗುವ ಕಬ್ಬು, ಆಳುಗಳು, ಟ್ರ್ಯಾಕ್ಟರು, ಇವೆಲ್ಲ ತಮ್ಮನ ಕೈಯಲ್ಲಿದ್ದವು. ಅಣ್ಣನಿಗೆ ಎಪ್ಪತ್ತರ ಹತ್ತಿರ ವಯಸ್ಸು. ನನಗೆ ಫೋನು ಮಾಡಿದವರು ಅವರೇ. ಅವರ ವಶದಲ್ಲಿದ್ದದ್ದು ಪಡಸಾಲೆಯ ಪಿಯಾನೋ ಒಂದೇ. ಸೊಲ್ಲಾಪುರದ ಒಂದು ಗಿರಣಿಯ ಸಾಹೇಬ ಗಂಟು ಕಟ್ಟಿ ವಿಲಾಯತಿಗೆ ಹೋಗುವಾಗ ಬಿಟ್ಟುಹೋದದ್ದನ್ನು ಇವರ ಅಜ್ಜ ಎರಡು ಎತ್ತಿನ ಗಾಡಿಗಳನ್ನು ಜೋಡಿಸಿ ಅದರ ಮೇಲೆ ತಂದಿದ್ದರು. ತಂದೆ ಸಾಯುವ ಮುಂಚೆ ದೊಡ್ಡ ಮಗನನ್ನು ಕರೆದು ಪೇಟಿಯನ್ನು ಒಪ್ಪಿಸಿದ್ದರು. ಹೊಲವನ್ನು ಯಾರಿಗೆ ಒಪ್ಪಿಸಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು.

ಈಗ ತಮ್ಮ ಠಿಬಕ್ ಸಿಂಚನೆಯ, ಅಂದರೆ ಹನಿ ನೀರಾವರಿಯ, ಪೈಪುಗಳ ಅಂಗಡಿ ತೆಗೆಯುವವರಿದ್ದರು. ಪೈಪಿನ ಸುರುಳಿಗಳನ್ನು ಇಡಲು ಪಡಸಾಲೆ ಬೇಕಾಗಿತ್ತು. ಅಣ್ಣತಮ್ಮಂದಿರ ನಡುವೆ ಒಂದು ಕರಾರು ಆಗಿತ್ತು: ದಸರೆಯೊಳಗೆ ಪೇಟಿ ಮಾತಾಡಿದರೆ ಪಡಸಾಲೆ ಪೇಟಿಗೆ. ಮಾತಾಡದಿದ್ದರೆ ದುಧನಿಯಿಂದ ಮರದ ವ್ಯಾಪಾರಿ ಬಂದು ಅದನ್ನು ಬಿಚ್ಚಿ ಹಲಗೆಯ ಲೆಕ್ಕದಲ್ಲಿ ಒಯ್ಯುತ್ತಾನೆ. ಈ ಕರಾರನ್ನು ಮುಂದಿಟ್ಟವರು ಅಣ್ಣನೇ. ಅಷ್ಟು ಭರವಸೆ ಅವರಿಗೆ.

"ಮಾತಾಡಂಗಿಲ್ಲ, ಸರಿಯಂಗಿಲ್ಲ," ಎಂದರು ತಮ್ಮ, ನನಗೆ ಚಹಾ ಕೊಡಿಸುತ್ತ. "ನಮ್ಮ ಮನ್ಯಾಗ ಹಂಗ ಇನ್ನೊಬ್ಬರು ಅದಾರ, ಆದ್ರ ಅವರು ಊಟಕ್ಕರ ಏಳತಾರ."

ಅಣ್ಣ ಕೇಳಿಸಿಕೊಂಡರು, ಏಳಲಿಲ್ಲ.

ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ನಿಂತು, "ನಂದೇನೂ ತಕರಾರಿಲ್ರಿ ಮಾಸ್ತರ," ಎಂದರು. "ಅದರ ಬುಡಕ ಕಸಾ ಹೊಡದು ಹದಿನೆಂಟ ವರ್ಷ ಆತು. ಯಾವದರ ಒಂದು ಆಗಲಿ."

ಬುಡದ ಕಸ ಹೊಡೆಯಲಾಗದ್ದಕ್ಕೆ ಕಾರಣವಿತ್ತು. ಪಿಯಾನೋದ ಮೂರು ಕಾಲುಗಳೂ ಮೂರು ಕಲ್ಲಿನ ಬಟ್ಟಲುಗಳಲ್ಲಿ ನಿಂತಿದ್ದವು. ಇರುವೆ ಬರಬಾರದೆಂದು ತುಪ್ಪದ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಾರಲ್ಲ, ಅದೇ ಪದ್ಧತಿ. ಇಲ್ಲಿ ನೀರಿನ ಬದಲು ಸೀಮೆಎಣ್ಣೆ, ತುಂಬುವವರು ಅಣ್ಣ. ಪೊರಕೆ ತಾಗಿದರೆ ಚೆಲ್ಲುತ್ತದೆ. ನಾನು ಮೊಣಕಾಲೂರಿ ಬ್ಯಾಟರಿ ಹಿಡಿದು ಕೆಳಗೆಲ್ಲ ನೋಡಿದೆ. ನೂರು ವರ್ಷ ದಾಟಿದ ಮರ, ಒಂದು ಕಡೆಯೂ ಗೆದ್ದಲು ಹತ್ತಿರಲಿಲ್ಲ. ಮುಂಬಯಿಯ ದೊಡ್ಡ ಬಂಗಲೆಗಳಲ್ಲೂ ನಾನು ಇಷ್ಟು ಶುದ್ಧವಾದ ಹೊಟ್ಟೆ ನೋಡಿರಲಿಲ್ಲ. ಹಾಗೆಂದು ಹೇಳಿದೆ. ಅಣ್ಣ ತಮ್ಮನ ಕಡೆ ನೋಡಿದರು.

ತಪಾಸಣೆಗೆ ಅದರದೇ ಒಂದು ಕ್ರಮವಿದೆ. ನನಗೆ ಕ್ರಮದ ಮೇಲೆ ವಿಶ್ವಾಸ ಹೆಚ್ಚು, ಮುಖ್ಯವಾಗಿ ನಾಲ್ಕು ಜನ ನೋಡುತ್ತಿರುವಾಗ. ಮೊದಲು ತಯಾರಕರ ಹೆಸರು. ಹೆಸರು ಬರೆದಿದ್ದ ಜಾಗಕ್ಕೆ ಮೂರು ತಲೆಮಾರು ಕುಂಕುಮ ಹಚ್ಚಿ ಹೆಸರು ಮುಕ್ತಿ ಪಡೆದಿತ್ತು. ಮುಂದೆ ನಾದದ ಹಲಗೆ: ಒಂದು ಸೀಳು, ಗೇಣುದ್ದದ್ದು, ಗುಣವಾಗುವಂಥದ್ದು. ಆಮೇಲೆ ಬೆರಳಿನಿಂದ ಒತ್ತುವ ಪಟ್ಟಿಗಳನ್ನೂ ಅವುಗಳ ಹಿಂದಿನ ಸುತ್ತಿಗೆಗಳನ್ನೂ ಒಂದೇ ಮೇಜಿನಂತೆ ಹೊರಕ್ಕೆ ಎಳೆದೆ. ಸುತ್ತಿಗೆಗಳ ಉಣ್ಣೆಯನ್ನು ನುಸಿ ಅಲ್ಲಲ್ಲಿ ತಿಂದಿತ್ತು. ಅವುಗಳಲ್ಲಿ ನಡುವಿನ ಒಂದು ಮಾತ್ರ ತಂತಿಯ ಗುರುತು ಆಳಕ್ಕೆ ಇಳಿದು ಮೂರು ಗೆರೆಯಾಗಿ ಸೀಳಿತ್ತು. ಅಕ್ಕಪಕ್ಕದವುಗಳ ಮೇಲೆ ತಂತಿಯ ಗುರುತೇ ಇರಲಿಲ್ಲ.

"ಇದನ್ನೊಂದ ಯಾರರ ಬಾರಸ್ತಾರೇನ್ರಿ?"

"ನಾನ ರಿ," ಎಂದರು ಅಣ್ಣ. "ದಿನಾ ಝಳಕಾ ಮಾಡಿ ಬಂದು ಒಂದ ಸಲ ಒತ್ತತೀನಿ. ಊಂ ಅಂತೈತಿ. ಜೀವ ಐತಿ ಅಂತ ಗೊತ್ತಾಗತೈತಿ."

ಕೊನೆಗೆ ಖುಂಟಿಗಳು. ಪಿಯಾನೋದ ತಂತಿಗಳೆಲ್ಲ ಬಂದು ಸುತ್ತಿಕೊಳ್ಳುವುದು ಕಬ್ಬಿಣದ ಗಿಡ್ಡ ಮೊಳೆಗಳಿಗೆ. ಅವನ್ನು ನಾವು ಖುಂಟಿ ಎನ್ನುತ್ತೇವೆ. ಇನ್ನೂರಕ್ಕೂ ಮಿಕ್ಕಿ ಇರುತ್ತವೆ. ಅವು ಒಂದು ಗಟ್ಟಿ ಹಲಗೆಯೊಳಗೆ ಬಿಗಿಯಾಗಿ ಕೂತಿರುತ್ತವೆ. ಆ ಬಿಗಿಯೇ ಪಿಯಾನೋದ ಶ್ರುತಿ, ಆ ಬಿಗಿಯೇ ಅದರ ಆಯುಷ್ಯ. ನಾನು ಕೀಲಿಯನ್ನು ಒಂದು ಖುಂಟಿಯ ತಲೆಗೆ ಸಿಕ್ಕಿಸಿ ತಿರುವಿದೆ. ಎರಡು ಕೈ ಬೇಕಾಗಬೇಕಿತ್ತು. ಎರಡು ಬೆರಳು ಸಾಕಾಯಿತು. ಬಿಸಿ ತುಪ್ಪದಲ್ಲಿ ಚಮಚ ಆಡಿಸಿದಂತೆ ಖುಂಟಿ ಸುತ್ತಿತು, ಬಿಟ್ಟರೆ ಅಷ್ಟೇ ನಯವಾಗಿ ಹಿಂದಕ್ಕೆ ತಿರುಗಿ ಕೂತಿತು. ಇನ್ನೊಂದಕ್ಕೆ ಹಾಕಿದೆ, ಅದೂ ಹಾಗೇ. ಬೆರಳು ಮೂಸಿದೆ. ಹರಳೆಣ್ಣೆ.

"ಎಣ್ಣಿ ಏನರ ಹಾಕತೀರೇನ್ರಿ ಇದಕ್ಕ?"

ಅಣ್ಣ ಈ ಪ್ರಶ್ನೆಗಾಗಿ ಬಹಳ ವರ್ಷದಿಂದ ಕಾದಿದ್ದವರಂತೆ ಹತ್ತಿರ ಬಂದರು. ಪ್ರತಿ ವರ್ಷ ದಸರೆಯ ಹಿಂದಿನ ದಿನ, ಖಂಡೇನವಮಿಗೆ, ಮನೆಯ ಕುಡಗೋಲು, ಕುಂಟೆ, ಮೋಟಾರಿನ ಸ್ಟಾರ್ಟರು, ಟ್ರ್ಯಾಕ್ಟರು ಎಲ್ಲಕ್ಕೂ ಪೂಜೆ ಆಗುತ್ತದೆ. ಅದೇ ದಿನ ಪೇಟಿಗೂ. ಅರಿಷಿಣ, ಕುಂಕುಮ, ಆಮೇಲೆ ಕಡ್ಡಿಗೆ ಹತ್ತಿ ಸುತ್ತಿ ಒಂದೊಂದು ಖುಂಟಿಯ ಬುಡಕ್ಕೂ ಒಂದೊಂದು ಹನಿ. ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆಯೇ.

"ತಿರಗೂ ಕಬ್ಬಣಕ್ಕ ಎಣ್ಣಿ ಬೇಕು ಅಂತ ನಮ್ಮಪ್ಪ ಹೇಳಿದ್ರು. ನಾ ಹನ್ನೆರಡ ವರ್ಷದವ ಇದ್ದಾಗಿಂದ ಹಾಕಾಕತ್ತೀನಿ, ಒಂದ ವರ್ಷ ತಪ್ಪಿಸಿಲ್ಲ ಮಾಸ್ತರ. ಅಪ್ಪ ಹೋದಾಗ ಸೂತಕ ಇತ್ತು, ಆವಾಗ ಸುದ್ದಾ ಬಡಿಗ್ಯಾನ ಕೈಲೆ ಹಾಕಿಸೀನಿ."

ಬಂಡಿಯ ಅಚ್ಚು ತಿರುಗುವುದಕ್ಕೆ ಇರುತ್ತದೆ. ಖುಂಟಿ ತಿರುಗದೆ ಇರುವುದಕ್ಕೆ ಇರುತ್ತದೆ. ಈ ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಐವತ್ತು ವರ್ಷಕ್ಕೂ ಮೀರಿದ ಎಣ್ಣೆಯನ್ನು ಆ ಹಲಗೆ ಕುಡಿದು ಕುಡಿದು ಅಂಬಲಿಯಂತಾಗಿತ್ತು. ಪೇಟಿಯನ್ನು ಗೆದ್ದಲಿನಿಂದ ಉಳಿಸಿದ ಕೈಯೇ ಅದರ ಕೊರಳು ಹಿಸುಕಿತ್ತು, ಅದೂ ವರ್ಷಕ್ಕೊಮ್ಮೆ, ಮಡಿಯಲ್ಲಿ.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ನಾನು ಲೆಟರ್‌ಪ್ಯಾಡು ತೆಗೆದೆ, ಕನ್ನಡಕ ಹಾಕಿದೆ, ಹೈಕೋರ್ಟು ನೋಡದಿದ್ದವರಿಗೆ ಹೈಕೋರ್ಟಿನ ಕಲ್ಪನೆ ಬರುವಷ್ಟು ಹೊತ್ತು ಸುಮ್ಮನಿದ್ದೆ.

"ಹೇಳ್ರಿ ಮಾಸ್ತರ," ಎಂದರು ತಮ್ಮ. "ಜೀವ ಐತೋ, ಇಲ್ಲೊ?"

"ಐತಿ. ಆದ್ರ ಖುಂಟಿ ಹಲಗಿ ಹೋಗೇತಿ."

"ಯಾತಕ್ಕ ಹೋತು?" ಇದು ಅಣ್ಣ.

ಅವರು ಕೈ ಕಟ್ಟಿಕೊಂಡು ಕೂತಿದ್ದರು, ಪರೀಕ್ಷೆಯಲ್ಲಿ ಪಾಸಾಗಿದ್ದೇನೆಂದು ಮೊದಲೇ ಗೊತ್ತಿದ್ದ ಹುಡುಗನಂತೆ. ಪಕ್ಕದಲ್ಲಿ ತಮ್ಮ. ನಾನು ಕಾಗದ ನೋಡಿದೆ. ಕಾಗದದಲ್ಲಿ ಏನೂ ಬರೆದಿರಲಿಲ್ಲ.

"ಹವಾ," ಎಂದೆ. "ಇಲ್ಲಿ ಧರಣ ಹತ್ರ ಐತಲ್ರಿ. ನೀರಿನ ಹಸಿ ಹವಾ ಕಟಿಗ್ಯಾಗ ಹೊಕ್ಕು ಹಲಗಿ ಸಡ್ಲ ಆಗೇತಿ."

ಧರಣ, ಅಂದರೆ ಕುರನೂರಿನ ಅಣೆಕಟ್ಟು, ಅಲ್ಲಿ ತನ್ನ ಪಾಡಿಗೆ ನೀರು ಹಿಡಿದುಕೊಂಡು ನಿಂತಿತ್ತು. ಅದಕ್ಕೆ ವಕೀಲರಿರಲಿಲ್ಲ.

"ನಂಗೊತ್ತಿತ್ತು," ಎಂದರು ಅಣ್ಣ. "ಧರಣ ಆದಾಗಿಂದನ ಅದರ ದನಿ ಬಿದ್ದೈತಿ."

ಹೊಸ ಹಲಗೆ ಹಾಕಿದರೆ ದಸರೆಯ ಹೊತ್ತಿಗೆ ಮಾತಾಡುತ್ತದೆಯೇ ಎಂದು ತಮ್ಮ ಕೇಳಿದರು. ಮಾತಾಡುತ್ತದೆ ಎಂದೆ. ಕರಾರು ಕರಾರೇ ಎಂದು ಅವರು ಎದ್ದು ಹೋದರು. ನಾನು ವರದಿಯಲ್ಲಿ "ಹವಾಮಾನದ ಪರಿಣಾಮ" ಎಂದು ಬರೆದು, ಶಿಕ್ಕಾ ಹೊಡೆದು, ಅಣ್ಣನ ಕೈಗೆ ಕೊಟ್ಟೆ. ನನ್ನ ಜೀವಮಾನದಲ್ಲಿ ನಾನು ಶಿಕ್ಕಾ ಹೊಡೆದು ಹೇಳಿದ ಸುಳ್ಳು ಅದೊಂದೇ.

ಕೆಲಸ ಶ್ರಾವಣದ ಹಿಂದುಮುಂದು ಶುರುವಾಯಿತು. ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಜೊತೆಗೆ ಆ ಊರಿನ ಬಡಿಗ, ಗಾಡಿಯ ಗಾಲಿ ಮಾಡುವುದರಲ್ಲಿ ಮುದುಕನಾದವನು. ಈಗ ಗಾಡಿಯೇ ಇಲ್ಲದ್ದರಿಂದ ಅವನ ಹತ್ತಿರ ಪುರುಸೊತ್ತೂ ಒಳ್ಳೆಯ ಮರವೂ ಇದ್ದವು. ಗಾಲಿಯ ನಡುವಿನ ಗುಂಬಕ್ಕೆಂದು ಕೊಯ್ದು, ದನದ ಕೊಟ್ಟಿಗೆಯ ಅಟ್ಟದ ಮೇಲೆ ಎಷ್ಟೋ ವರ್ಷದಿಂದ ಒಣಗಿಸಿದ್ದ ಜಾಲಿಯ ಹಲಗೆಗಳು. ಮೊಳೆ ಹೊಡೆದರೆ ಮೊಳೆಯೇ ಬಾಗುವಂಥ ಕಟ್ಟಿಗೆ. ನಾನು ಅದನ್ನು ತೆಳುವಾಗಿ ಸೀಳಿ, ಎಳೆಗಳು ಅಡ್ಡಡ್ಡ ಬರುವಂತೆ ಒಂದರ ಮೇಲೊಂದು ಅಂಟಿಸು ಎಂದೆ.

"ಇಡೀ ಕಟಗೀನ ಕೊಯ್ದು ತುಂಡ ಮಾಡಿ ಮತ್ತ ಅಂಟಸೂದೇನು?"

"ಹೌದು."

"ಇದನ್ನ ಮುಂಬೈದಾಗ ಕಲ್ತ ಬಂದ್ರೇನು?"

"ಹೌದಪ್ಪ."

"ಏಳ ವರ್ಷ?"

ಅವನು ಅಂಟಿಸಿದ. ಆದರೆ ಮೂರು ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಹಳೆಯ ಹಲಗೆ ತೆಗೆಯಬೇಕಾದರೆ ಅದರ ಮೇಲೆ ಕೂತ ಕಬ್ಬಿಣದ ಚೌಕಟ್ಟನ್ನು ಎತ್ತಬೇಕು. ಒಂದು ಎಮ್ಮೆಯಷ್ಟು ತೂಕ. ಮುಂಬಯಿಯಲ್ಲಿ ಇದಕ್ಕೆ ಬೇರೆ ಸಲಕರಣೆ ಇತ್ತು. ಇಲ್ಲಿ ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ತಮ್ಮನೇ ಬಂದು, ಬೋರಿನಲ್ಲಿ ಸಿಕ್ಕ ಮೋಟಾರು ಎತ್ತುವ ಮೂರು ಕಾಲಿನ ತಿಪಾಯಿಯನ್ನೂ ಚೈನ್‌ಪುಲ್ಲಿಯನ್ನೂ ಪಡಸಾಲೆಯಲ್ಲಿ ನಿಲ್ಲಿಸಿಕೊಟ್ಟರು. ತಾವೇ ಸರಪಳಿ ಎಳೆದರು. ಪೇಟಿ ಸೋಲಬೇಕೆಂದು ಅವರ ಆಸೆ. ಆದರೆ ತಮ್ಮ ಪುಲ್ಲಿ ಸೋಲುವುದು ಅವರಿಂದ ಆಗದು. ಚೌಕಟ್ಟು ಮೆಲ್ಲಗೆ ಮೇಲಕ್ಕೆ ಹೋಗಿ ತೂಗಾಡಿತು, ಮನೆಯವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು, ಅಣ್ಣ ಮಾತ್ರ ಕೈ ಮುಗಿದರು.

ಹಳೆಯ ಹಲಗೆಯನ್ನು ನಾನೇ ಚೀಲದಲ್ಲಿ ಸುತ್ತಿ ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ಇಟ್ಟೆ.

ಹೊಸ ಹಲಗೆಗೆ ಇನ್ನೂರು ಚಿಲ್ಲರೆ ತೂತು, ಎಲ್ಲವೂ ಒಂದೇ ಓರೆಯಲ್ಲಿ, ಕೂದಲೆಳೆಯಷ್ಟೂ ದೊಡ್ಡದಾಗದಂತೆ. ಬಡಿಗ ಕೊರೆಯುತ್ತಿದ್ದ, ನಾನು ಪ್ರತಿಯೊಂದಕ್ಕೂ ಅಳತೆಯ ಮೊಳೆ ಇಳಿಸಿ ನೋಡುತ್ತಿದ್ದೆ. ಅದೇ ಕೆಲಸದ ನಡುವೆ ಒಂದು ದಿನ ಅವನು ನಗುತ್ತ, "ದೊಡ್ಡ ಮಾಲಕರು ಅರ್ಜಿ ಹಾಕ್ಯಾರ, ಗೊತ್ತೈತೇನ್ರಿ?" ಎಂದ.

"ಯಾರಿಗೆ?"

"ನೀರಾವರಿ ಹಾಪೀಸಿಗೆ. ಧರಣದ ಹವಾದಿಂದ ಪೇಟಿ ಕೆಟ್ಟೈತಿ, ಬಂದು ಪಂಚನಾಮಾ ಮಾಡ್ರಿ ಅಂತ. ನೀವ್ ಬರದ ಕೊಟ್ಟ ಕಾಗದಾನೂ ಹಚ್ಚ್ಯಾರ. ಶಿಕ್ಕಾ ಐತಲ್ಲ."

ನಮ್ಮ ಸೀಮೆಯಲ್ಲಿ ಆಲಿಕಲ್ಲು ಬಿದ್ದರೆ ದ್ರಾಕ್ಷಿಗೆ ಪಂಚನಾಮೆ, ಗಾಳಿ ಬೀಸಿದರೆ ಬಾಳೆಗೆ ಪಂಚನಾಮೆ. ಹಾನಿ ಎಂದು ಆದ ಮೇಲೆ ಒಬ್ಬ ಅಧಿಕಾರಿ ಬಂದು, ನೋಡಿ, ಬರೆದುಕೊಂಡು ಹೋಗದಿದ್ದರೆ ಅದು ಪೂರ್ತಿ ಆದಂತೆ ಅನ್ನಿಸುವುದಿಲ್ಲ. ಅಣ್ಣನನ್ನು ಕೇಳಿದೆ. ಪರಿಹಾರ ಬೇಡವೇ ಬೇಡ, ಬಂದು ನೋಡಿದರೆ ಸಾಕು ಎಂದರು. "ಅವರ ಕಾಗದದಾಗ ಬರಲಿ, ತಪ್ಪ ನಮ್ಮದಲ್ಲ ಅಂತ." ಹೇಳಬೇಕಾದ ಕ್ಷಣ ಮತ್ತೊಮ್ಮೆ ನನ್ನ ಮುಂದೆ ಬಂದು ನಿಂತಿತು. ನಾನು ತೂತು ಎಣಿಸಲು ಹೋದೆ.

ಮುಂಬಯಿಯಿಂದ ತಂತಿ ಬಂತು, ಉಣ್ಣೆ ಬಂತು. ನಾದದ ಹಲಗೆಯ ಸೀಳಿಗೆ ಚಕ್ಕೆ ಕೂಡಿಸಿದೆ. ಖುಂಟಿಗಳನ್ನು ಒಂದೊಂದಾಗಿ ಹೊಡೆದು ಕೂರಿಸಿದೆ. ಜಾಲಿ ಅವನ್ನು ಹಿಡಿದ ಹಿಡಿತಕ್ಕೆ ನನ್ನ ರಟ್ಟೆ ಎರಡು ವಾರ ನೋಯಿತು. ಹೊಸ ತಂತಿ ಹಿಗ್ಗುತ್ತದೆ, ಇವತ್ತು ಏರಿಸಿದ್ದು ನಾಳೆ ಇಳಿಯುತ್ತದೆ. ನಾಲ್ಕು ಸಲ ಶ್ರುತಿ ಮಾಡಿದೆ. ಐದನೆಯದು ಖಂಡೇನವಮಿಯ ಹಿಂದಿನ ದಿನ ಮುಗಿಯಿತು. ಮರುದಿನ ಪೂಜೆಯ ನಂತರ ಎಲ್ಲರೆದುರು ಅದು ಮಾತಾಡಬೇಕು. ರಾತ್ರಿ ಅಲ್ಲೇ ಉಳಿದೆ.

ಬೆಳಿಗ್ಗೆ ಅಂಗಳದಲ್ಲಿ ಟ್ರ್ಯಾಕ್ಟರಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಅಣ್ಣ ಸ್ನಾನ ಮಾಡಿ, ಶುಭ್ರ ಧೋತರ ಉಟ್ಟು, ತಟ್ಟೆ ಹಿಡಿದು ಪಡಸಾಲೆಗೆ ಬಂದರು. ತಟ್ಟೆಯಲ್ಲಿ ಅರಿಷಿಣ, ಕುಂಕುಮ, ಹತ್ತಿ ಸುತ್ತಿದ ಕಡ್ಡಿ, ಒಂದು ಬಟ್ಟಲು ಹರಳೆಣ್ಣೆ. ಮೂರು ತಿಂಗಳಿನಿಂದ ಈ ದಿನ ಬರುತ್ತದೆಂದು ನನಗೆ ಗೊತ್ತಿತ್ತು. ಆದರೂ ಅದು ಬಂದದ್ದು ನೋಡಿ ಆಶ್ಚರ್ಯವಾಯಿತು. ನಾನು ಎದ್ದು ಪೇಟಿಗೂ ಅವರಿಗೂ ನಡುವೆ ನಿಂತೆ.

"ಯಾಕ, ಶ್ರುತಿ ಆಗಿಲ್ಲೇನು?"

"ಆಗೇತಿ. ಎಣ್ಣಿ ಬ್ಯಾಡ್ರಿ."

"ಇವತ್ತೊಂದ ದಿನಾ ಬ್ಯಾಡೋ?"

"ಯಾವತ್ತೂ ಬ್ಯಾಡ್ರಿ."

ಅವರು ತಟ್ಟೆಯನ್ನು ಕಿಟಕಿಯಲ್ಲಿಟ್ಟರು. ಸ್ವಲ್ಪ ಹೊತ್ತು ಖುಂಟಿಗಳನ್ನು ನೋಡಿದರು. ಆಮೇಲೆ, "ಹಳೀ ಹಲಗಿ ಎಲ್ಲೈತಿ?" ಎಂದರು.

ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಹುಲ್ಲು ಸರಿಸಿ ಚೀಲ ಬಿಚ್ಚಿದೆ. ಅವರು ಕುಕ್ಕರಗಾಲಲ್ಲಿ ಕೂತು ಒಂದು ತೂತಿನ ಅಂಚಿಗೆ ಉಗುರು ಒತ್ತಿದರು. ಉಗುರು ಒಳಗೆ ಹೋಯಿತು, ಸುತ್ತಲೂ ಎಣ್ಣೆ ಜಿನುಗಿತು. ಬೆರಳನ್ನು ಮೂಗಿಗೆ ಹಿಡಿದರು.

"ಇದು ಧರಣದ ವಾಸನಿ ಅಲ್ಲ."

"ಅಲ್ರಿ."

"ಎಂದಿನಿಂದ ಗೊತ್ತೈತಿ ನಿಮಗ?"

"ಮೊದಲನೇ ದಿನದಿಂದ."

"ಮತ್ತ ಧರಣ ಯಾಕಂದ್ರಿ?"

"ನಿಮಗ ಕೆಟ್ಟ ಅನಸ್ತದಂತ. ತಮ್ಮಾರು ಬಾಜೂಕ ಕೂತಿದ್ರು."

ಅವರು ಏಳಲು ನನ್ನ ಕೈ ಹಿಡಿಯಲಿಲ್ಲ, ಗೋಡೆ ಹಿಡಿದು ಎದ್ದರು. "ಮಾಸ್ತರ, ತಪ್ಪ ನಂದು. ಅದನ್ನ ನನ್ನ ಕಡೆ ಕೊಡಬೇಕಿತ್ತು. ನೀವು ಒಯ್ದು ಸರಕಾರಕ್ಕ ಕೊಟ್ರಿ."

ನಾನು ಖಾಲಿ ಚೀಲ ಮಡಚತೊಡಗಿದೆ.

ಅವರು ಹಲಗೆಯನ್ನು ತಾವೇ ಎತ್ತಿಕೊಂಡು ಪಡಸಾಲೆಗೆ ನಡೆದರು. ಧೋತರಕ್ಕೆ ಎಣ್ಣೆ ಹತ್ತಿತು. ಎಲ್ಲರೂ ಬಂದು ಕೂತಾಗಿತ್ತು. ಹಲಗೆಯನ್ನು ನಡುವೆ ಇಟ್ಟು, "ಧರಣದ್ದಲ್ಲ, ನಂದು," ಎಂದು ಶುರುಮಾಡಿ, ಏನು ಎತ್ತ ಎಲ್ಲ ನಾಲ್ಕು ಮಾತಿನಲ್ಲಿ ಹೇಳಿದರು. ನಾನು ತಮ್ಮನ ಮುಖ ನೋಡುತ್ತಿದ್ದೆ. ಅಂಥ ಅವಕಾಶ ಮನುಷ್ಯನಿಗೆ ಆಯುಷ್ಯದಲ್ಲಿ ಒಮ್ಮೆ ಸಿಗುತ್ತದೆ. ಅವರು ಹಲಗೆಯನ್ನು ಕಾಲಬೆರಳಿನಿಂದ ಒತ್ತಿ ನೋಡಿದರು.

"ಅಪ್ಪ ಹೇಳಿದ್ದ ಮಾಡೀದಿ," ಎಂದರು. "ನನಗ ಹೇಳಿದ್ರ ನಾನೂ ಹಾಕತಿದ್ದೆ. ನಾ ಇನ್ನೂ ಜಾಸ್ತಿ ಹಾಕತಿದ್ದೆ, ಪಂಪ್ ಹಚ್ಚಿ."

"ಆತು, ಕರಾರ ನೋಡೋಣು," ಎಂದರು ಅವರ ಹೆಂಡತಿ. "ಒತ್ತರಿ ಭಾವಾರ."

ಅಣ್ಣ ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ಒಮ್ಮೆ ಸಾಲದೆಂದು ಎರಡು ಸಲ ಒರೆಸಿಕೊಂಡು ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದ ಮೇಲೆ ನಡುವಿನ ಪಟ್ಟಿಯನ್ನು ಒತ್ತಿದರು. ದನಿ ಎದ್ದು, ಮೇಲಿನ ತೊಲೆಗಳವರೆಗೆ ಹೋಗಿ, ಹೊರಗಿನ ಎತ್ತು ತಲೆಯೆತ್ತುವಷ್ಟು ಹೊತ್ತು ನಿಂತಿತು. ಊಂ ಎನ್ನಲಿಲ್ಲ. ಆ ದನಿ ಅವರಿಗೂ ಹೊಸದು. ಬೆರಳನ್ನು ಅಲ್ಲೇ ಒತ್ತಿ ಹಿಡಿದಿದ್ದರು, ದನಿ ಪೂರ್ತಿ ಆರುವವರೆಗೂ. ಆಮೇಲೆ ನಾನು ಕೂತು ಸಾ ದಿಂದ ಸಾ ವರೆಗೆ ಏರಿ ಇಳಿದೆ. ನನಗೆ ಬರುವುದು ಅಷ್ಟೇ. ರಿಪೇರಿ ಮಾಡುವವರಿಗೆ ಬಾರಿಸಲು ಬರಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

"ಮಾತಾಡ್ತು ತಗೋರಿ," ಎಂದರು ತಮ್ಮನ ಹೆಂಡತಿ ಗಂಡನಿಗೆ. "ಪೈಪ ಎಲ್ಲಿಡತೀರಿ ಈಗ ನೋಡ್ರಿ."

ತಮ್ಮ ಕೊಟ್ಟಿಗೆಯ ಅಳತೆ ನೋಡಲು ಹೋದರು.

ಅಣ್ಣ ಪೂಜೆ ಮುಗಿಸಿದರು. ಪೇಟಿಯ ಕಾಲಿಗೆ ಒಂದು ಬೊಟ್ಟು ಕುಂಕುಮ, ಅಷ್ಟೇ. ಊಟಕ್ಕೆ ಕರೆದಾಗ, "ತಡೀರಿ, ಇನ್ನೊಂದ ಕೆಲಸ ಐತಿ," ಎಂದು ನನ್ನ ಎದುರು ಬಂದು ಕೂತು, ಲೆಟರ್‌ಪ್ಯಾಡು ತೆಗೆಯಲು ಹೇಳಿದರು. ಅರ್ಜಿ ಹಿಂದೆ ತೆಗೆದುಕೊಳ್ಳುವ ಅರ್ಜಿ. ಅವರು ಹೇಳಿದರು, ನಾನು ಸರಕಾರದ ಮರಾಠಿಯಲ್ಲಿ ಬರೆದೆ. ಸದರಿ ವಾದ್ಯಕ್ಕೆ ಆದ ಹಾನಿಗೆ ಧರಣ ಕಾರಣವಲ್ಲ. ಸದರಿ ಹಾನಿಯನ್ನು ಅರ್ಜಿದಾರನು ಸ್ವತಃ ಎಣ್ಣೆ ಹಾಕಿ ಮಾಡಿರುತ್ತಾನೆ. ಪಂಚನಾಮೆಯ ಅವಶ್ಯಕತೆ ಇಲ್ಲ. ಇಷ್ಟಾದ ಮೇಲೆ ನಾನು ಪೆನ್ನು ಮುಚ್ಚಿದೆ.

"ಮುಚ್ಚಬ್ಯಾಡ್ರಿ. ನಿಮ್ಮದೂ ಬರೀರಿ."

ಬರೆದೆ. ಪೇಟಿ ತಪಾಸಣೆ ಮಾಡಿದವನು ನಿಜ ಕಾರಣ ಗೊತ್ತಿದ್ದೂ ಧರಣದ ಹೆಸರು ಹೇಳಿರುತ್ತಾನೆ. ಅವರು ಮೊದಲು ಸಹಿ ಮಾಡಿದರು. ಕೆಳಗೆ ನಾನು ಮಾಡಿದೆ. ಶಿಕ್ಕಾ ಎಲ್ಲಿ ಎಂದು ಕೇಳಿದರು. ಅದನ್ನೂ ಹೊಡೆದೆ.

ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಕಾಗದ ಇಸಿದುಕೊಂಡು ಓದಿದರು. "ಇದನ್ನ ಓದಿ ಆ ಹಾಪೀಸಿನವರು ಏನ ತಿಳಕೋಬೇಕ್ರಿ ಭಾವಾರ?"

"ಧರಣದ್ದೇನೂ ತಪ್ಪಿಲ್ಲ ಅಂತ ತಿಳಕೋಬೇಕು," ಎಂದರು ಅಣ್ಣ. "ಎಲಿ ಹಾಕು, ಮಾಸ್ತರ ಹಸದಾರ."